ಹೊಸ ಹಂಗಾಮಿಗೆ ಮುನ್ನ ನಮ್ಮ ಭಾಗದ ಕ್ಲಬ್ ತಂಡಗಳ ಬೌಲಿಂಗ್ ಬಲ: ಐದನೆಯ ಬೌಲರ್ ಯಾರು?

ಸ್ಕೋರ್‌ಬುಕ್, ಧಾರವಾಡ:

ಎಲ್ಲರಿಗೂ ನಮಸ್ಕಾರ. ಮಳೆ ಹಿಂದೆ ಸರಿಯುತ್ತಿದೆ. ಹುಬ್ಬಳ್ಳಿ-ಧಾರವಾಡದ ಮೈದಾನಗಳಲ್ಲಿ ಆಳೆತ್ತರ ಬೆಳೆದಿದ್ದ ಹುಲ್ಲನ್ನು ಕೊಯ್ದು ನೆಟ್ಸ್ ಕಟ್ಟಿದ್ದಾರೆ. ಎಂದಿನಂತೆ ಮಾತೆಲ್ಲ ‘ಈ ಸಲ ಯಾರ ಹತ್ತಿರ ಒಳ್ಳೆಯ ಫಾಸ್ಟ್ ಬೌಲರ್ ಇದ್ದಾರೆ’ ಎಂಬಲ್ಲಿಗೇ ಬಂದು ನಿಲ್ಲುತ್ತಿದೆ. ಈ ಚರ್ಚೆಯನ್ನು ಈ ಬಾರಿ ಬೇರೊಂದು ಜಾಗದಿಂದ ಆರಂಭಿಸೋಣ ಎಂಬುದು ನನ್ನ ಕೋರಿಕೆ. ಅದಕ್ಕೂ ಮುಂಚೆ ಒಂದು ವಿನಂತಿಯಿದೆ. ಕ್ಲಬ್‌ಗಳ ಹೆಸರನ್ನಾಗಲಿ ಆಟಗಾರರ ಹೆಸರನ್ನಾಗಲಿ ಇಲ್ಲಿ ಬರೆಯಬಾರದು. ನಾವು ಮಾತಾಡುತ್ತಿರುವ ಬೌಲರ್‌ಗಳಲ್ಲಿ ಬಹಳಷ್ಟು ಮಂದಿ ಇನ್ನೂ 19 ದಾಟದ ಹುಡುಗರು. ಕೆಲವರ ವರ್ಗಾವಣೆಯ ಕಾಗದಪತ್ರವೂ ಮುಗಿದಿಲ್ಲ. ಊರು ಮತ್ತು ತಂಡದ ಸ್ವಭಾವ ಹೇಳಿದರೆ ಆಟ ನೋಡುವವರಿಗೆ ಅಷ್ಟೇ ಸಾಕು.

ನನ್ನ ವಾದ ಇಷ್ಟೇ. 50 ಓವರ್‌ಗಳ ಪಂದ್ಯದಲ್ಲಿ ಒಬ್ಬ ಬೌಲರ್ ಗರಿಷ್ಠ 10 ಓವರ್ ಹಾಕಬಹುದು, ಆದ್ದರಿಂದ ಕನಿಷ್ಠ ಐವರು ಬೇಕೇ ಬೇಕು. ನಾವು ಮಾತ್ರ ಹೊಸ ಚೆಂಡು ಹಿಡಿಯುವ ಇಬ್ಬರ ಬಗ್ಗೆಯೇ ವಾರಗಟ್ಟಲೆ ವಾದ ಮಾಡುತ್ತೇವೆ, ಅವರಿಬ್ಬರೂ ಸೇರಿ 20 ಓವರ್‌ಗಿಂತ ಹೆಚ್ಚು ಹಾಕಲಾರರು. ಉಳಿದ 30 ಓವರ್ ಯಾರ ಕೈಯಲ್ಲಿದೆ? ಒಂದು ಸರಳ ಲೆಕ್ಕ ನೋಡಿ. ಒಂದು ತಂಡದ ನಾಲ್ವರು ಓವರಿಗೆ 4ರಂತೆ ರನ್ ಕೊಟ್ಟರೆ 160 ಆಗುತ್ತದೆ. ಐದನೆಯವನು ಓವರಿಗೆ 7 ಕೊಟ್ಟರೆ ಮೊತ್ತ 230. ಅದೇ ಐದನೆಯವನು 4.5ರಲ್ಲಿ ಹಿಡಿದಿಟ್ಟರೆ 205. ನಮ್ಮ ಮಟ್ಟದ ಪಂದ್ಯಗಳಲ್ಲಿ 25 ರನ್ ಎಂದರೆ ಒಂದು ಒಳ್ಳೆಯ ಜೊತೆಯಾಟ. ಆರಂಭದ ಇಬ್ಬರ ನಡುವೆ ಇರುವ ವ್ಯತ್ಯಾಸಕ್ಕಿಂತ ತಂಡ ತಂಡಗಳ ಐದನೆಯ ಬೌಲರ್‌ಗಳ ನಡುವಿನ ವ್ಯತ್ಯಾಸ ದೊಡ್ಡದು ಎಂಬುದು ಸ್ಕೋರ್ ಪುಸ್ತಕ ತಿರುವಿ ಹಾಕಿದಾಗಲೆಲ್ಲ ನನಗೆ ಕಂಡಿದೆ.

ಈ ದೃಷ್ಟಿಯಲ್ಲಿ ನನ್ನ ಅಂದಾಜು ಹೀಗಿದೆ. ಹುಬ್ಬಳ್ಳಿಯ ಹಳೆಯ ತಂಡವೊಂದರಲ್ಲಿ ಇಬ್ಬರು ನಿಜವಾದ ವೇಗಿಗಳಿದ್ದಾರೆ, ಎತ್ತರವಿದೆ, ಅನುಭವವಿದೆ. ಮೂರನೆಯವನು ಉತ್ತಮ ಆಫ್ ಸ್ಪಿನ್ನರ್. ಆಮೇಲೆ ಬರುವವರೆಲ್ಲ ಬ್ಯಾಟ್ಸ್‌ಮನ್‌ಗಳೇ. ಎಲ್ಲರೂ ಇವರನ್ನು ಮೊದಲ ಸ್ಥಾನದಲ್ಲಿಟ್ಟಿದ್ದಾರೆ, ನಾನು ಮೂರರಲ್ಲಿ ಇಡುತ್ತೇನೆ. ಧಾರವಾಡದ ಕಾಲೇಜು ಹುಡುಗರೇ ಹೆಚ್ಚಿರುವ ತಂಡದಲ್ಲಿ ಯಾರೂ ಹೆದರಿಸುವ ಬೌಲರ್ ಅಲ್ಲ, ಆದರೆ ನಾಯಕ ಚೆಂಡು ಕೊಡಲು ಹಿಂಜರಿಯದಂಥ ಆರು ಜನ ಇದ್ದಾರೆ. ನನ್ನ ಮಟ್ಟಿಗೆ ಅವರೇ ಮುಂದೆ. ಗದಗಿನ ತಂಡಕ್ಕೆ ಮೂವರು ಎಡಗೈ ಸ್ಪಿನ್ನರ್‌ಗಳು. ಇದು ವರವೋ ಹೊರೆಯೋ ನೋಡಬೇಕು. ಹಾವೇರಿಯವರ ಹತ್ತಿರ ಆಲ್‌ರೌಂಡರ್‌ಗಳ ದಂಡೇ ಇದೆ. ಬೆಳಗಾವಿಯ ತಂಡಗಳನ್ನು ಈ ವರ್ಷ ನಾನು ನೆಟ್ಸ್‌ನಲ್ಲಿಯೂ ನೋಡಿಲ್ಲ, ಹಾಗಾಗಿ ಅವುಗಳನ್ನು ಬಿಟ್ಟಿದ್ದೇನೆ.

ರಾಜನಗರ ಎಂಡ್:

ಸ್ಕೋರ್‌ಬುಕ್ ಸರ್, ಲೆಕ್ಕ ಚೆನ್ನಾಗಿದೆ, ಆದರೆ ಲೆಕ್ಕದಲ್ಲಿ ವಿಕೆಟ್ ಎಂಬುದೇ ಇಲ್ಲ. ನಿಮ್ಮ 160 ಮತ್ತು 70 ಎರಡೂ 50 ಓವರ್ ಪೂರ್ತಿಯಾಗಿ ಆಡಿದಾಗ ಮಾತ್ರ ಬರುವ ಸಂಖ್ಯೆಗಳು. ನವೆಂಬರ್-ಡಿಸೆಂಬರ್‌ನಲ್ಲಿ ನಮ್ಮಲ್ಲಿ ಪಂದ್ಯ ಬೆಳಿಗ್ಗೆಯೇ ಆರಂಭವಾಗುತ್ತದೆ, ಆ ಹೊತ್ತಿಗೆ ಇಬ್ಬನಿ ಪೂರ್ತಿ ಆರಿರುವುದಿಲ್ಲ. ಆ ಒಂದು ಗಂಟೆಯಲ್ಲಿ ಎದುರಾಳಿಯ ನಾಲ್ಕು ವಿಕೆಟ್ ಬಿದ್ದರೆ ಐದನೆಯ ಬೌಲರ್‌ನ ಪಾಲಿಗೆ ಬ್ಯಾಟಿಂಗ್ ಅಷ್ಟಾಗಿ ಬಾರದ ಬಾಲಂಗೋಚಿಗಳು ಮಾತ್ರ ಉಳಿಯುತ್ತಾರೆ. ಅವನು ಹೇಗೆ ಹಾಕಿದರೂ ನಡೆಯುತ್ತದೆ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. 2024ರ ಜನವರಿಯಲ್ಲಿ ನಮ್ಮ ಹುಬ್ಬಳ್ಳಿಯ ರಾಜನಗರದ ಕ್ರೀಡಾಂಗಣದಲ್ಲಿಯೇ ಕರ್ನಾಟಕ ಮತ್ತು ಪಂಜಾಬ್ ನಡುವೆ ರಣಜಿ ಪಂದ್ಯ ನಡೆಯಿತು. ವಾಸುಕಿ ಕೌಶಿಕ್ 41 ರನ್ನಿಗೆ 7 ವಿಕೆಟ್ ತೆಗೆದರು, ಪಂಜಾಬ್ 152ಕ್ಕೆ ಆಲೌಟ್ ಆಯಿತು. ಕೌಶಿಕ್ ಬಿರುಗಾಳಿಯ ವೇಗದವರೇನಲ್ಲ. ಚೆಂಡನ್ನು ನೆಟ್ಟಗಿನ ಸೀಮ್‌ನಲ್ಲಿ (ಚೆಂಡಿನ ಹೊಲಿಗೆ) ಒಂದೇ ಜಾಗಕ್ಕೆ ಬೀಳಿಸುತ್ತಾರೆ, ಉಳಿದ ಕೆಲಸವನ್ನು ಪಿಚ್ ಮಾಡುತ್ತದೆ. ಹುಬ್ಬಳ್ಳಿಯ ತಂಡದ ಆ ಇಬ್ಬರಲ್ಲಿ ಒಬ್ಬನಿಗೆ ಇದೇ ಗುಣವಿದೆ. ಅವರನ್ನು ಮೂರನೆಯ ಸ್ಥಾನಕ್ಕೆ ತಳ್ಳಿದ್ದು ನನಗೆ ಒಪ್ಪಿಗೆಯಿಲ್ಲ.

ಸ್ಕೋರ್‌ಬುಕ್, ಧಾರವಾಡ:

ಅದೇ ಪಂದ್ಯದ ಮುಂದಿನ ಪುಟವನ್ನೂ ಓದಿ ಸರ್. ಕರ್ನಾಟಕ ದೇವದತ್ತ ಪಡಿಕ್ಕಲ್ ಅವರ 193 ಮತ್ತು ಮನೀಷ್ ಪಾಂಡೆ ಅವರ 118ರ ಬಲದಿಂದ 8 ವಿಕೆಟ್‌ಗೆ 514 ಗಳಿಸಿ ಡಿಕ್ಲೇರ್ ಮಾಡಿತು. ಎರಡನೆಯ ಸರದಿಯಲ್ಲಿ ಅದೇ ಪಂಜಾಬ್ ಅದೇ ಪಿಚ್ಚಿನ ಮೇಲೆ 413 ಹೊಡೆಯಿತು. ಕರ್ನಾಟಕ 7 ವಿಕೆಟ್‌ಗಳಿಂದ ಗೆದ್ದಿತು ನಿಜ. ಆದರೆ ಮೊದಲ ದಿನದ ಆ ನೆರವು ಇಳಿದುಹೋದ ಮೇಲೆ 413 ರನ್ ಕೊಡುತ್ತ ವಿಕೆಟ್‌ಗಾಗಿ ದುಡಿಯಬೇಕಾಗಿ ಬಂದದ್ದನ್ನು ಯಾರೂ ನೆನಪಿಡುವುದಿಲ್ಲ. ನನ್ನ ಪ್ರಶ್ನೆಯೂ ಅದೇ: ಟಾಸ್ ಸೋತು ಮಧ್ಯಾಹ್ನ ಬೌಲಿಂಗ್ ಮಾಡಬೇಕಾಗಿ ಬಂದರೆ ಹುಬ್ಬಳ್ಳಿಯವರ ಹತ್ತಿರ ಏನಿದೆ?

ಮಾವಿನ ತೋಪು:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಹುಬ್ಬಳ್ಳಿ ಟೈಗರ್ಸ್ ತಂಡದ ಬೌಲರ್‌ಗಳು ಯಾರಾದರೂ ನಮ್ಮ ಲೀಗಿನಲ್ಲಿ ಆಡುತ್ತಾರೆಯೇ? ಅವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ?

ರಾಜನಗರ ಎಂಡ್:

ಅದು ಹರಾಜಿನಲ್ಲಿ ಇಡೀ ರಾಜ್ಯದಿಂದ ಆಟಗಾರರನ್ನು ಆರಿಸಿ ಕಟ್ಟುವ ತಂಡ. 2023ರಲ್ಲಿ ಅವರು ರಾಜ್ಯದ ಟಿ20 ಲೀಗ್ ಆದ ಮಹಾರಾಜ ಟ್ರೋಫಿ ಗೆದ್ದದ್ದೂ ಬೆಂಗಳೂರಿನಲ್ಲಿ. ಹೆಸರು ನಮ್ಮದಾದರೂ ನಮ್ಮ ಕ್ಲಬ್ ಬೌಲಿಂಗನ್ನು ಅದರಿಂದ ಅಳೆಯಲು ಬರುವುದಿಲ್ಲ. ಅದರಲ್ಲಿಯೂ ಟಿ20ಯ 4 ಓವರ್‌ಗಳ ಬೌಲಿಂಗೇ ಬೇರೆ, 10 ಓವರ್‌ಗಳ ಬೌಲಿಂಗೇ ಬೇರೆ.

ಗದಗಿನ ಎಡಗೈ:

ನಮ್ಮ ತಂಡದ ಮೂವರು ಎಡಗೈ ಸ್ಪಿನ್ನರ್‌ಗಳು ವರವೋ ಹೊರೆಯೋ ಎಂದು ಕೇಳಿದ್ದಾರೆ. ಗದಗಿನಲ್ಲಿ ಎಡಗೈ ಹುಡುಗ ಚೆಂಡು ಹಿಡಿದರೆ ಅವನ ಕೈಗೆ ಸ್ಪಿನ್ನೇ ಬರುವುದಕ್ಕೆ ಕಾರಣ ನಿಮಗೆಲ್ಲ ಗೊತ್ತು. ಗದಗಿನಲ್ಲಿ ಹುಟ್ಟಿದ ಸುನಿಲ್ ಜೋಶಿ ಹುಡುಗನಾಗಿದ್ದಾಗ ನಸುಕಿನಲ್ಲೆದ್ದು ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗಿ ಬರುತ್ತಿದ್ದರು. 1999ರ ಸೆಪ್ಟೆಂಬರ್‌ನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು ಅವರು ಹಾಕಿದ್ದು 10 ಓವರ್, 6 ಮೇಡನ್ (ರನ್ ಕೊಡದ ಓವರ್), 6 ರನ್, 5 ವಿಕೆಟ್. ನಮ್ಮ ಊರಿನ ನೆಟ್ಸ್‌ನಲ್ಲಿ ಈ ನಾಲ್ಕು ಅಂಕಿಗಳು ಬಾಯಿಪಾಠ.

ಆದರೆ ಅಭಿಮಾನ ಬೇರೆ, ತಂಡದ ಆಯ್ಕೆ ಬೇರೆ. ಮೂವರೂ ಒಂದೇ ವೇಗ, ಒಂದೇ ಕೋನ. ಬಲಗೈ ಬ್ಯಾಟ್ಸ್‌ಮನ್‌ನಿಂದ ಹೊರಗೆ ತಿರುಗುವ ಚೆಂಡು. ಮೊದಲನೆಯವನನ್ನು ನಾಲ್ಕು ಓವರ್ ನೋಡಿಕೊಂಡ ಬ್ಯಾಟ್ಸ್‌ಮನ್‌ಗೆ ಉಳಿದ ಇಬ್ಬರು ಹೊಸಬರಾಗಿ ಕಾಣುವುದೇ ಇಲ್ಲ. ಎಡಗೈ ಬ್ಯಾಟ್ಸ್‌ಮನ್ ನಿಂತುಬಿಟ್ಟರೆ ಮೂವರದ್ದೂ ಒಂದೇ ಪಾಡು. ಒಬ್ಬ ಆಫ್ ಸ್ಪಿನ್ನರ್ ಇದ್ದಿದ್ದರೆ ನಾನು ಎದೆತಟ್ಟಿ ಮಾತಾಡುತ್ತಿದ್ದೆ. ಈ ಮೂವರಲ್ಲಿ ಒಬ್ಬನಿಗಾದರೂ ಕ್ರೀಸಿನ ಅಂಚಿನಿಂದ, ಇನ್ನೊಬ್ಬನಿಗೆ ಸ್ಟಂಪಿಗೆ ಅಂಟಿಕೊಂಡು ಹಾಕುವುದನ್ನು ಕಲಿಸುವ ಪ್ರಯತ್ನ ನಡೆದಿದೆ. ಕೋನ ಬದಲಾದರೆ ಅದೇ ಚೆಂಡು ಬೇರೆಯಾಗುತ್ತದೆ.

ಮತ್ತೊಂದು ಮಾತು. ಟಿ.ವಿ.ಯಲ್ಲಿ ಏಕದಿನ ಪಂದ್ಯ ನೋಡಿ ಬೆಳೆದ ಹುಡುಗರಿಗೆ ಚೆಂಡು ಹಳೆಯದಾಗುವುದೆಂದರೇನು ಎಂಬುದೇ ಸರಿಯಾಗಿ ಗೊತ್ತಿಲ್ಲ. 2011ರ ಅಕ್ಟೋಬರ್‌ನಿಂದ ಅಲ್ಲಿ ಎರಡೂ ತುದಿಗೆ ಒಂದೊಂದು ಹೊಸ ಚೆಂಡು. 2025ರ ಜುಲೈನಿಂದ 34 ಓವರ್ ಮುಗಿದ ಮೇಲೆ ಅವೆರಡರಲ್ಲಿ ಒಂದನ್ನೇ ಉಳಿಸಿಕೊಳ್ಳುವ ನಿಯಮ ಬಂದಿದೆ. ಒಂದೇ ಚೆಂಡಿನಲ್ಲಿ ಆಡುವ ನಮ್ಮ ಪಂದ್ಯದಲ್ಲಿ 30ನೆಯ ಓವರ್ ದಾಟಿದರೆ ಅದು ಮೆತ್ತಗಾಗಿ, ಮೈಯೆಲ್ಲ ತರಚಿಕೊಂಡು, ಹೊಡೆದರೂ ಓಡುವುದಿಲ್ಲ. ಆ ಹೊತ್ತಿನಲ್ಲಿ ನಿಧಾನವಾಗಿ ಹಾಕುವವನೇ ರಾಜ. ಸ್ಕೋರ್‌ಬುಕ್ ಅವರ ಉಳಿದ 30 ಓವರ್‌ಗಳ ವಾದಕ್ಕೆ ಇದು ನನ್ನ ಬೆಂಬಲ.

ಮ್ಯಾಟ್ ಮೇಲಿನ ಧೂಳು, ಹುಬ್ಬಳ್ಳಿ:

ಇಷ್ಟು ಹೊತ್ತು ಎಲ್ಲರೂ ಟರ್ಫ್ ವಿಕೆಟ್ಟಿನ, ಅಂದರೆ ಮಣ್ಣು-ಹುಲ್ಲಿನ ಪಿಚ್ಚಿನ ಮಾತಾಡುತ್ತಿದ್ದೀರಿ. ನಮ್ಮ ಭಾಗದ ಕ್ರಿಕೆಟ್ ಬೆಳೆದದ್ದು ನಾರಿನ ಮ್ಯಾಟ್ ಮೇಲೆ, ಇಂದಿಗೂ ಅದು ಪೂರ್ತಿ ಹೋಗಿಲ್ಲ. ಒಬ್ಬ ಬೌಲರ್ ಕಳೆದ ವರ್ಷ ಎಷ್ಟು ವಿಕೆಟ್ ತೆಗೆದ ಎಂದು ಹೇಳುವವರು ಎಲ್ಲಿ ತೆಗೆದ ಎಂದು ಹೇಳದಿದ್ದರೆ ಆ ಅಂಕಿಗೆ ಬೆಲೆಯಿಲ್ಲ.

ಮ್ಯಾಟ್ ಮೇಲೆ ಚೆಂಡು ಎತ್ತರಕ್ಕೆ ಪುಟಿಯುತ್ತದೆ, ನಾರು ಚೆಂಡನ್ನು ಹಿಡಿಯುತ್ತದೆ. ಕಟರ್ ಹಾಕುವ ಮಧ್ಯಮ ವೇಗಿಗೂ ಬೆರಳಿನಿಂದ ತಿರುಗಿಸುವ ಸ್ಪಿನ್ನರ್‌ಗೂ ಹಬ್ಬ. ಅಲ್ಲಿ ಗುಡ್ ಲೆಂಗ್ತ್‌ಗಿಂತ ಸ್ವಲ್ಪ ಹಿಂದೆ ಬಿದ್ದ ಚೆಂಡು ಎದೆಯ ಮಟ್ಟಕ್ಕೆ ಬರುತ್ತದೆ, ಬ್ಯಾಟ್ಸ್‌ಮನ್ ಕ್ಯಾಚ್ ಕೊಡುತ್ತಾನೆ. ಅದೇ ಬೌಲರ್ ಟರ್ಫ್‌ಗೆ ಬಂದು ಅದೇ ಲೆಂಗ್ತ್‌ನಲ್ಲಿ ಹಾಕಿದರೆ ಚೆಂಡು ಸೊಂಟದ ಮಟ್ಟದಲ್ಲಿ ನಿಧಾನವಾಗಿ ಬಂದು ಮಿಡ್ ವಿಕೆಟ್ ಬೌಂಡರಿಗೆ ಹೋಗುತ್ತದೆ. ಟರ್ಫ್ ಮೇಲೆ ಅವನು ಒಂದೆರಡು ಹೆಜ್ಜೆಯಷ್ಟು ಮುಂದೆ ಬೀಳಿಸಬೇಕು, ಆ ಬದಲಾವಣೆ ಒಂದು ವಾರದಲ್ಲಿ ಬರುವಂಥದ್ದಲ್ಲ. ಮ್ಯಾಟ್ ಮ್ಯಾಟ್‌ಗಳ ನಡುವೆಯೂ ವ್ಯತ್ಯಾಸವಿದೆ: ಬಿಗಿಯಾಗಿ ಎಳೆದು ಮೊಳೆ ಹೊಡೆದಿದ್ದರೆ ಚೆಂಡು ವೇಗವಾಗಿ ಏಳುತ್ತದೆ, ಸಡಿಲವಿದ್ದರೆ ನಿಂತು ತಿರುಗುತ್ತದೆ. ಅನುಭವವಿರುವ ನಾಯಕರು ಟಾಸ್‌ಗೆ ಹೋಗುವ ಮುಂಚೆ ಮ್ಯಾಟಿನ ನಾಲ್ಕೂ ಮೂಲೆಗಳನ್ನು ಕಾಲಿನಿಂದ ಒತ್ತಿ ನೋಡುತ್ತಾರೆ.

ಟರ್ಫ್ ಎಂದರೂ ಎಲ್ಲವೂ ಒಂದೇ ಅಲ್ಲ. ಎರಿ (ಕಪ್ಪು) ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಚೆನ್ನಾಗಿ ಉರುಳೆ ಹೊಡೆದ ಎರಿ ಪಿಚ್ಚಿನಲ್ಲಿ ಪುಟಿತ ಕಡಿಮೆ, ಮಧ್ಯಾಹ್ನ ಬಿರುಕು ಕಂಡಮೇಲೆ ತಿರುವು ಹೆಚ್ಚು. ಮಸಾರಿ (ಕೆಂಪು) ಮಣ್ಣು ಹೆಚ್ಚಿದ್ದರೆ ಚೆಂಡು ಪುಟಿದು ಬರುತ್ತದೆ. ಹೀಗಾಗಿ ಗದಗಿನ ಮೂವರು ಎಡಗೈಯವರು ಮ್ಯಾಟ್ ಮೇಲೆ ಈ ವಲಯದ ಅತ್ಯಂತ ಅಪಾಯಕಾರಿ ಬೌಲಿಂಗ್, ಹೊಸ ಟರ್ಫ್ ಮೇಲೆ ಸಾಧಾರಣ. ಎರಡನ್ನೂ ಸೇರಿಸಿ ಒಂದು ಸ್ಥಾನ ಕೊಡುವುದು ಹೇಗೆ?

ವರದೆಯ ದಂಡೆ, ಹಾವೇರಿ:

‘ಆಲ್‌ರೌಂಡರ್‌ಗಳ ದಂಡು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಬೇಸರವಿಲ್ಲ, ಅದು ಸತ್ಯವೇ. ನಮ್ಮಲ್ಲಿ ಏಳು ಜನ ಬೌಲಿಂಗ್ ಮಾಡುತ್ತಾರೆ, ಏಳರಲ್ಲಿ ಐವರು ಒಂದೇ ಬಗೆಯ ಮಧ್ಯಮ ವೇಗಿಗಳು. ಮೊದಲ ಚೆಂಡಿನಿಂದಲೇ ಕೀಪರ್ ಸ್ಟಂಪಿಗೆ ಹತ್ತಿರ ನಿಲ್ಲುವಂಥ ವೇಗ. ಅದನ್ನು ಹಗುರವಾಗಿ ಕಾಣಬೇಡಿ. ನಮ್ಮ ಪಕ್ಕದ ದಾವಣಗೆರೆಯ ವಿನಯ್ ಕುಮಾರ್ ಬೆದರಿಸುವ ವೇಗವಿಲ್ಲದೆಯೇ ಪ್ರಥಮ ದರ್ಜೆಯಲ್ಲಿ 504 ವಿಕೆಟ್ ತೆಗೆದರು, 2013-14 ಮತ್ತು 2014-15ರಲ್ಲಿ ಕರ್ನಾಟಕಕ್ಕೆ ರಣಜಿ ಗೆದ್ದುಕೊಟ್ಟ ನಾಯಕರೂ ಅವರೇ. ಒಂದೇ ಜಾಗಕ್ಕೆ ದಿನವಿಡೀ ಹಾಕಬಲ್ಲವನನ್ನು ಹೊಡೆಯುವುದು ಕ್ಲಬ್ ಬ್ಯಾಟ್ಸ್‌ಮನ್‌ಗಳಿಗೆ ಸುಲಭವಲ್ಲ. ನಮ್ಮ ಐವರಲ್ಲಿ ಹಾಗೆ ಹಾಕಬಲ್ಲವರು ಇಬ್ಬರು, ಉಳಿದ ಮೂವರು ವೇಗ ಕಡಿಮೆಯಿರುವುದನ್ನೇ ನಿಯಂತ್ರಣ ಎಂದುಕೊಂಡಿದ್ದಾರೆ.

ಆದರೆ ನಾನು ಎತ್ತಬೇಕೆಂದಿರುವ ವಿಷಯ ಬೇರೆ. ಇಲ್ಲಿ ಎಲ್ಲರೂ ಕಾಗದದ ಮೇಲಿನ ತಂಡವನ್ನು ಅಳೆಯುತ್ತಿದ್ದಾರೆ. ಹಾವೇರಿಯಿಂದ ಹುಬ್ಬಳ್ಳಿಗೆ ಸುಮಾರು 75 ಕಿ.ಮೀ., ಧಾರವಾಡದ ಮೈದಾನಕ್ಕಾದರೆ ಇನ್ನೂ 20. ನಸುಕಿನಲ್ಲಿ ಹೊರಟು, ಮೊಣಕಾಲು ಮಡಚಿ ಕೂತು ಬಂದ ವೇಗಿ ಇಳಿದ ಅರ್ಧ ಗಂಟೆಯಲ್ಲಿ ಮೊದಲ ಓವರ್ ಹಾಕಬೇಕು. ಅವನ ನಿಜವಾದ ಲಯ ಬರುವುದು ಎರಡನೆಯ ಸ್ಪೆಲ್‌ನಲ್ಲಿ (ಬಿಡುವಿಲ್ಲದೆ ಹಾಕುವ ಓವರ್‌ಗಳ ಸರದಿ). ಹೊಸ ಚೆಂಡಿನ ಬಲ ಊರಿನಲ್ಲಿಯೇ ಮಲಗಿ ಎದ್ದು ಬರುವ ತಂಡಕ್ಕೆ ಸಿಕ್ಕಷ್ಟು ಹೊರಗಿನವರಿಗೆ ಸಿಗುವುದಿಲ್ಲ. ಆದ್ದರಿಂದಲೇ ನಾವು ಟಾಸ್ ಗೆದ್ದರೂ ಎಷ್ಟೋ ಸಲ ಬ್ಯಾಟಿಂಗ್ ಆರಿಸುತ್ತೇವೆ. ರಾಜನಗರ ಎಂಡ್ ಅವರು ಇದನ್ನು ಭಯ ಎನ್ನಬಹುದು, ನಾನು ಪ್ರಯಾಣದ ಲೆಕ್ಕ ಎನ್ನುತ್ತೇನೆ.

ಇನ್ನು ಯಾರು ಯಾವ ಭಾನುವಾರ ಸಿಗುತ್ತಾರೆ ಎಂಬ ಪ್ರಶ್ನೆ. ಕಾಲೇಜು ಹುಡುಗರ ತಂಡಕ್ಕೆ ಸೆಮಿಸ್ಟರ್ ಪರೀಕ್ಷೆ, ನೌಕರಿಯವರಿಗೆ ರಜೆ, ರೈತರ ಮಕ್ಕಳಿಗೆ ಸುಗ್ಗಿ. ನಮ್ಮ ಒಬ್ಬ ಬೌಲರ್ ಗೋವಿನಜೋಳದ ಒಕ್ಕಣೆ ಮುಗಿಯುವತನಕ ಬರುವುದಿಲ್ಲ ಎಂದು ಈಗಲೇ ಹೇಳಿದ್ದಾನೆ. ಸ್ಕೋರ್‌ಬುಕ್ ಅವರು ಮೊದಲ ಸ್ಥಾನ ಕೊಟ್ಟಿರುವ ಧಾರವಾಡದ ಆರು ಬೌಲರ್‌ಗಳಲ್ಲಿ ಪರೀಕ್ಷೆಯ ತಿಂಗಳಲ್ಲಿ ಎಷ್ಟು ಮಂದಿ ಉಳಿಯುತ್ತಾರೆ ಎಂದು ಅವರನ್ನೇ ಕೇಳುತ್ತೇನೆ.

ಸ್ಕೋರ್‌ಬುಕ್, ಧಾರವಾಡ:

ಸರಿಯಾದ ಪ್ರಶ್ನೆ. ಆರರಲ್ಲಿ ನಾಲ್ವರು ಪದವಿ ವಿದ್ಯಾರ್ಥಿಗಳು, ಆದರೆ ಬೇರೆ ಬೇರೆ ಕೋರ್ಸಿನವರು. ಎಲ್ಲರ ಪರೀಕ್ಷೆ ಒಂದೇ ವಾರ ಬೀಳುವುದಿಲ್ಲ. ಆರು ಜನ ಇರುವುದರ ಲಾಭವೂ ಅದೇ, ಇಬ್ಬರು ಹೋದರೂ ನಾಲ್ವರು ಉಳಿಯುತ್ತಾರೆ. ಹುಬ್ಬಳ್ಳಿಯವರ ಇಬ್ಬರು ವೇಗಿಗಳಲ್ಲಿ ಒಬ್ಬನಿಗೆ ರಜೆ ಸಿಗದಿದ್ದರೆ ಬೌಲಿಂಗಿನ ಅರ್ಧ ಬಲವೇ ಹೋಗುತ್ತದೆ.

ಮ್ಯಾಟ್ ಮತ್ತು ಟರ್ಫ್ ಬೇರ್ಪಡಿಸಬೇಕು ಎಂಬ ಮಾತನ್ನು ಪೂರ್ತಿ ಒಪ್ಪುತ್ತೇನೆ. ಇನ್ನೊಂದನ್ನೂ ಬೇರ್ಪಡಿಸಬೇಕು: ಯಾರ ವಿಕೆಟ್ ಎಂಬುದು. ಇಬ್ಬರು ಬೌಲರ್‌ಗಳು ತಲಾ 20 ವಿಕೆಟ್ ತೆಗೆದಿದ್ದಾರೆ ಎಂದುಕೊಳ್ಳಿ. ಒಬ್ಬನ 20ರಲ್ಲಿ 14 ಮೊದಲ ಆರು ಕ್ರಮಾಂಕದವರು, ಇನ್ನೊಬ್ಬನ 20ರಲ್ಲಿ 6 ಮಾತ್ರ. ಸರಾಸರಿ ಒಂದೇ ಇರಬಹುದು, ಬೌಲರ್‌ಗಳು ಒಂದೇ ಅಲ್ಲ. ನಮ್ಮ ಲೀಗಿನಲ್ಲಿ ಬಾಲ ಬಹಳ ಉದ್ದ. ಎಂಟನೆಯವನಿಂದ ಆಚೆಗೆ ಬ್ಯಾಟ್ ಹಿಡಿಯುವುದೇ ಮರ್ಯಾದೆಗೆ. 45ನೆಯ ಓವರಿನಲ್ಲಿ ಬಂದು ಮೂರು ವಿಕೆಟ್ ಬಾಚಿಕೊಳ್ಳುವವನು ಪಟ್ಟಿಯಲ್ಲಿ ಮೇಲೇರಿ ಕೂರುತ್ತಾನೆ, 20ನೆಯ ಓವರಿನಲ್ಲಿ ನೆಲೆನಿಂತ ಬ್ಯಾಟ್ಸ್‌ಮನ್‌ಗೆ ಸತತ ಡಾಟ್ ಬಾಲ್ (ರನ್ ಬಾರದ ಚೆಂಡು) ಹಾಕಿ, ಇನ್ನೊಂದು ತುದಿಯವನಿಗೆ ವಿಕೆಟ್ ಕೊಡಿಸಿದವನ ಹೆಸರು ಎಲ್ಲಿಯೂ ಬರುವುದಿಲ್ಲ. ಆದ್ದರಿಂದ ನಾನು ನೋಡುವುದು ಎರಡು ಅಂಕಿಗಳನ್ನು: ಮೊದಲ ಆರರಲ್ಲಿ ತೆಗೆದ ವಿಕೆಟ್ ಎಷ್ಟು, 16ರಿಂದ 40ನೆಯ ಓವರ್‌ಗಳ ನಡುವೆ ಹಾಕಿದ ಚೆಂಡುಗಳಲ್ಲಿ ಡಾಟ್ ಎಷ್ಟು.

ಒಬ್ಬ ತಾಯಿ, ವಿದ್ಯಾನಗರ:

ನಾನು ಆಟಗಾರ್ತಿಯಲ್ಲ, ಈ ಚರ್ಚೆಗೆ ಸಂಬಂಧವಿದೆಯೆಂದು ಬರೆಯುತ್ತಿದ್ದೇನೆ. ನನ್ನ ಮಗನಿಗೆ 16 ವರ್ಷ, ವೇಗದ ಬೌಲರ್. ಶಾಲೆಯ ತಂಡ, ವಯೋಮಿತಿಯ ತಂಡ, ಕ್ಲಬ್ ಮೂರಕ್ಕೂ ಆಡುತ್ತಾನೆ; ವಾರದಲ್ಲಿ ನಾಲ್ಕು ದಿನ ನೆಟ್ಸ್‌ನಲ್ಲಿ ಹಿರಿಯರಿಗೆ ಬೌಲಿಂಗ್ ಮಾಡುತ್ತಾನೆ. ಎಲ್ಲ ಕಡೆಯೂ ‘ನಿನ್ನ ಮೇಲೆ ಭಾರ ಹಾಕುವುದಿಲ್ಲ’ ಎಂದೇ ಹೇಳುತ್ತಾರೆ, ಆದರೆ ಮೂರೂ ಕಡೆಯ ಲೆಕ್ಕವನ್ನು ಒಟ್ಟಿಗೆ ಇಡುವವರು ಯಾರೂ ಇಲ್ಲ. ಈಗ ಬೆನ್ನಿನ ಕೆಳಭಾಗ ಒಂದು ಕಡೆ ನೋಯುತ್ತದೆ ಎನ್ನುತ್ತಿದ್ದಾನೆ. ಹಂಗಾಮಿಗೆ ಮುಂಚೆ ಇಂಥ ನೋವು ಸಾಮಾನ್ಯವೇ?

ಬೆನ್ನೆಲುಬು:

ತಾಯಿಯವರೇ, ನಾನು ಆಟಗಾರರಿಗೆ ಫಿಜಿಯೊಥೆರಪಿ ಮಾಡುತ್ತೇನೆ. ಸಾಮಾನ್ಯವೆಂದು ಬಿಡಬೇಡಿ. ಹದಿಹರೆಯದ ವೇಗಿಗೆ ಬೆನ್ನಿನ ಕೆಳಭಾಗದಲ್ಲಿ, ಅದರಲ್ಲಿಯೂ ಬೌಲಿಂಗ್ ಕೈಯ ಎದುರುಬದಿಯಲ್ಲಿ, ಬೆನ್ನನ್ನು ಹಿಂದಕ್ಕೆ ಬಾಗಿಸಿದಾಗ ನೋವು ಹೆಚ್ಚಾದರೆ ಮೊದಲು ಸಂಶಯಪಡಬೇಕಾದದ್ದು ಕಶೇರುಕದ ಒತ್ತಡದ ಬಿರುಕನ್ನು. ಎಕ್ಸ್‌ರೇಯಲ್ಲಿ ಅದು ಆರಂಭದಲ್ಲಿ ಕಾಣದೆ ಹೋಗಬಹುದು, ಎಂ.ಆರ್.ಐ.ನಲ್ಲಿ ಗೊತ್ತಾಗುತ್ತದೆ. ಬಿರುಕು ಬಿದ್ದಿದ್ದರೆ ಬೌಲಿಂಗಿನಿಂದ ತಿಂಗಳುಗಟ್ಟಲೆ ದೂರವಿರಬೇಕಾಗುತ್ತದೆ. ಮೂಳೆ ತಜ್ಞರಿಗೆ ತೋರಿಸುವತನಕ ಅವನು ಚೆಂಡು ಹಿಡಿಯುವುದು ಬೇಡ.

ಉಳಿದವರಿಗೆ ಒಂದು ಮಾತು. ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಬಹುಕಾಲ ಪಾಲಿಸಿಕೊಂಡು ಬಂದ ಸೂಚನೆಯಂತೆ 13ರೊಳಗಿನ ವೇಗಿಗೆ ಒಂದು ಸ್ಪೆಲ್‌ನಲ್ಲಿ 5 ಓವರ್, 17ರೊಳಗಿನವನಿಗೆ 7 ಓವರ್ ಮಿತಿ. ನೆಟ್ಸ್‌ನಲ್ಲಿ ಹಾಕಿದ ಚೆಂಡನ್ನೂ ಮೂಳೆ ಲೆಕ್ಕ ಇಡುತ್ತದೆ. ಮಳೆಗಾಲದಲ್ಲಿ ಮೂರು ತಿಂಗಳು ಸುಮ್ಮನಿದ್ದು ಅಕ್ಟೋಬರ್‌ನಲ್ಲಿ ಒಮ್ಮೆಲೇ ದಿನಕ್ಕೆ 15 ಓವರ್ ಹಾಕಿಸುವುದೇ ನಮ್ಮಲ್ಲಿಯ ದೊಡ್ಡ ತೊಂದರೆ. ಭಾರ ಹೆಚ್ಚಿದ್ದಕ್ಕಿಂತ ಅದು ಹಠಾತ್ತನೆ ಏರಿದ್ದು ಹೆಚ್ಚು ಅಪಾಯ. ಹಂಗಾಮಿನ ಬೌಲಿಂಗ್ ಬಲ ಅಳೆಯುವವರು ಆಗಸ್ಟ್‌ನಲ್ಲಿ ಆ ಹುಡುಗ ಏನು ಮಾಡುತ್ತಿದ್ದ ಎಂದು ಕೇಳಿಕೊಳ್ಳಬೇಕು. ಧಾರವಾಡದ ಆರು ಬೌಲರ್‌ಗಳ ತಂಡವನ್ನು ನಾನೂ ಮೇಲಿಡುವುದು ಈ ಕಾರಣಕ್ಕೆ, ಅಲ್ಲಿ ಯಾರೊಬ್ಬನ ಮೇಲೂ ಪೂರ್ತಿ 10 ಓವರ್‌ಗಳ ಹೊರೆ ಬೀಳುವುದಿಲ್ಲ.

ಒಬ್ಬ ತಾಯಿ, ವಿದ್ಯಾನಗರ:

ಧನ್ಯವಾದಗಳು. ನೀವು ಹೇಳಿದಂತೆ ಬಲಗೈ ಬೌಲರ್‌ಗೆ ಎಡಬದಿಯಲ್ಲಿಯೇ ನೋವು. ಈ ವಾರವೇ ತೋರಿಸುತ್ತೇವೆ.

ಬಿಳಿ ಕೋಟು:

ನಿವೃತ್ತ ಅಂಪೈರ್ ಆಗಿ ನನ್ನದೊಂದು ದೂರು. ಇಷ್ಟು ದೊಡ್ಡ ಚರ್ಚೆಯಲ್ಲಿ ಇತರೆ ರನ್ ಎಂಬ ಪದವೇ ಬಂದಿಲ್ಲ. ಒಂದು ಇನಿಂಗ್ಸ್‌ನಲ್ಲಿ 18 ವೈಡ್ ಹಾಕಿದ ತಂಡ 18 ರನ್ ಮಾತ್ರ ಕೊಡುವುದಿಲ್ಲ, 18 ಚೆಂಡುಗಳನ್ನೂ, ಅಂದರೆ 3 ಓವರ್‌ಗಳನ್ನೂ ಹೆಚ್ಚಿಗೆ ಕೊಡುತ್ತದೆ. ಓವರಿಗೆ 5ರಂತೆ ಹಿಡಿದರೆ ಅಲ್ಲಿ ಇನ್ನೂ 15. ಒಟ್ಟು 33 ರನ್ ಹೋದವು, ಇದು ಸ್ಕೋರ್‌ಬುಕ್ ಅವರ ಐದನೆಯ ಬೌಲರ್‌ನ ವ್ಯತ್ಯಾಸಕ್ಕಿಂತ ದೊಡ್ಡದು. ಅಕ್ಟೋಬರ್-ನವೆಂಬರ್‌ನ ಮೊದಲ ಪಂದ್ಯಗಳಲ್ಲಿ ಇದು ಅತಿ ಹೆಚ್ಚು, ಏಕೆಂದರೆ ನೆಟ್ಸ್‌ನಲ್ಲಿ ವೈಡ್ ಎಂದು ಕೈ ಚಾಚುವವರು ಯಾರೂ ಇರುವುದಿಲ್ಲ. ನೋ ಬಾಲ್ ವಿಷಯವೂ ಅಷ್ಟೇ: ನೆಟ್ಸ್‌ನಲ್ಲಿ ಗೆರೆಯಿಂದ ಒಂದಡಿ ಮುಂದೆ ಕಾಲಿಟ್ಟು ಹಾಕುವ ಹುಡುಗ ಪಂದ್ಯದಲ್ಲಿ ಅದನ್ನೇ ಮಾಡುತ್ತಾನೆ.

ಸ್ವಿಂಗ್‌ಗೆ, ಅಂದರೆ ಚೆಂಡು ಗಾಳಿಯಲ್ಲಿ ಬಾಗುವುದಕ್ಕೆ, ಬೇಕಾದ ಚೆಂಡಿನ ಹೊಳಪಿನ ಮಾತನ್ನೂ ಹೇಳಿಬಿಡುತ್ತೇನೆ. 2022ರ ಅಕ್ಟೋಬರ್‌ನಿಂದ ಕ್ರಿಕೆಟ್ ನಿಯಮಾವಳಿಯಲ್ಲಿಯೇ ಚೆಂಡಿಗೆ ಎಂಜಲು ಹಚ್ಚುವುದು ನಿಷಿದ್ಧ, ಬೆವರು ಮಾತ್ರ ಹಚ್ಚಬಹುದು. ಡಿಸೆಂಬರ್ ಮುಂಜಾವಿನ ಧಾರವಾಡದಲ್ಲಿ ಬೆವರನ್ನು ಎಲ್ಲಿಂದ ತರಬೇಕು ಎಂದು ಒಬ್ಬ ನಾಯಕ ನನ್ನನ್ನೇ ಕೇಳಿದ್ದುಂಟು. ಹೀಗಾಗಿ ಸ್ವಿಂಗ್ ಬೌಲರ್‌ಗಳನ್ನೇ ನಂಬಿಕೊಂಡ ತಂಡಕ್ಕೆ 10 ಓವರ್ ಆದಮೇಲೆ ಕಷ್ಟ. ಸೀಮ್ ಮೇಲೆ ಬೀಳಿಸುವವರು ಬದುಕಿಕೊಳ್ಳುತ್ತಾರೆ.

ಕ್ಯಾಚುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಂದನೆಯ ಸ್ಲಿಪ್‌ನಲ್ಲಿ ಯಾರು ನಿಲ್ಲುತ್ತಾರೆ ಎಂದು ತಿಳಿಯದೆ ವೇಗಿಯನ್ನು ಅಳೆಯಬೇಡಿ, ಸ್ಟಂಪಿನ ಹಿಂದೆ ಯಾರಿದ್ದಾರೆ ಎಂದು ತಿಳಿಯದೆ ಸ್ಪಿನ್ನರ್‌ನನ್ನು ಅಳೆಯಬೇಡಿ.

ರಾಜನಗರ ಎಂಡ್:

ಅಂಪೈರ್ ಸಾಹೇಬರು ಹೇಳಿದ ಕೊನೆಯ ಮಾತು ನನ್ನ ಪರವಾಗಿಯೇ ಇದೆ: ಹುಬ್ಬಳ್ಳಿಯವರ ಸ್ಲಿಪ್ ಈ ವಲಯದಲ್ಲಿಯೇ ಚೆನ್ನಾಗಿದೆ. ಬೆಳಗಿನ ಟರ್ಫ್ ಪಂದ್ಯಗಳಿಗೆ ನಾನು ಅವರನ್ನೇ ಮೊದಲು ಇಡುತ್ತೇನೆ, ಈ ಮಾತಿನಿಂದ ಹಿಂದೆ ಸರಿಯುವುದಿಲ್ಲ. ಮ್ಯಾಟ್ ಮೇಲೆ ಗದಗ ಮುಂದೆ ಎನ್ನುವುದಾದರೆ ಅಡ್ಡಿಯಿಲ್ಲ. ಒಂದೇ ಪಟ್ಟಿ ಬೇಡ, ಎರಡು ಪಟ್ಟಿ ಮಾಡಿ.

ಸ್ಕೋರ್‌ಬುಕ್, ಧಾರವಾಡ:

ಆಗಲಿ. ಟರ್ಫ್‌ಗೆ: ಧಾರವಾಡ, ಹುಬ್ಬಳ್ಳಿ, ಹಾವೇರಿ, ಗದಗ. ಮ್ಯಾಟ್‌ಗೆ: ಗದಗ, ಹಾವೇರಿ, ಧಾರವಾಡ, ಹುಬ್ಬಳ್ಳಿ. ಟರ್ಫ್‌ನಲ್ಲಿ ಮೊದಲ ಎರಡರ ನಡುವಿನ ಅಂತರ ಕೂದಲೆಳೆಯಷ್ಟು, ಅದೂ ಹುಬ್ಬಳ್ಳಿಗೆ ಐದನೆಯ ಬೌಲರ್ ಸಿಕ್ಕರೆ ತಿರುಗಿಬೀಳುತ್ತದೆ. ಅವರ ಮಧ್ಯಮ ಕ್ರಮಾಂಕದ ಬ್ಯಾಟ್ಸ್‌ಮನ್ ಒಬ್ಬ ಈ ಮಳೆಗಾಲದಲ್ಲಿ ಒಳಾಂಗಣ ನೆಟ್ಸ್‌ನಲ್ಲಿ ಲೆಗ್ ಸ್ಪಿನ್ ಹಾಕುತ್ತಿದ್ದಾನೆಂದು ಕೇಳಿದ್ದೇನೆ, ನೋಡಿದವರು ಬರೆಯಿರಿ. ಮೊದಲ ಸುತ್ತು ಮುಗಿದ ಮೇಲೆ ಯಾರ ಹತ್ತಿರ ಸ್ಕೋರ್ ಶೀಟ್ ಇದೆಯೋ ಅವರು ಚೆಂಡು ಚೆಂಡಿನ ವಿವರವಿರುವ ಪುಟವನ್ನೇ ಹಾಕಬೇಕು. ಒಟ್ಟು ಅಂಕಿಗಳ ಸಾರಾಂಶದಿಂದ ಡಾಟ್ ಬಾಲ್ ಎಣಿಸಲು ಬರುವುದಿಲ್ಲ.

ಮ್ಯಾಟ್ ಮೇಲಿನ ಧೂಳು, ಹುಬ್ಬಳ್ಳಿ:

ಆ ಲೆಗ್ ಸ್ಪಿನ್ನರ್‌ನನ್ನು ನಾನು ನೋಡಿದ್ದೇನೆ. ಚೆಂಡು ಚೆನ್ನಾಗಿ ತಿರುಗುತ್ತದೆ, ಗೂಗ್ಲಿಯೂ ಇದೆ. ಓವರಿಗೆ ಒಂದು ಫುಲ್ ಟಾಸ್ (ನೆಲಕ್ಕೆ ಬೀಳದೆ ಹೊಡೆಯಲು ಸುಲಭವಾಗಿ ಬರುವ ಚೆಂಡು) ಸಹ ಇದೆ. ಅವನನ್ನು ಐದನೆಯ ಬೌಲರ್ ಎಂದು ಈಗಲೇ ಬರೆದುಕೊಳ್ಳಬೇಡಿ. ಮೂರು-ನಾಲ್ಕು ಓವರ್‌ಗಳ ಬೌಲರ್ ಎಂದು ಬರೆದುಕೊಳ್ಳಿ.

ಗದಗಿನ ಎಡಗೈ:

ನಮ್ಮ ಕಡೆಯದೂ ಒಂದು ಸುದ್ದಿ ಇದೆ. ಮೂವರಲ್ಲಿ ಕಿರಿಯವನು ಓದಿಗಾಗಿ ಬೆಂಗಳೂರಿಗೆ ಹೊರಟಿದ್ದಾನೆ, ಜನವರಿಯವರೆಗೆ ಸಿಗುವುದಿಲ್ಲ. ಅವನ ಜಾಗಕ್ಕೆ ಬರುವವನು ಬಲಗೈ ಆಫ್ ಸ್ಪಿನ್ನರ್, ವಯಸ್ಸು 17. ಮ್ಯಾಟ್ ಪಟ್ಟಿಯಲ್ಲಿ ನಮ್ಮನ್ನು ಇಳಿಸುವುದಾದರೆ ಇಳಿಸಿ, ಟರ್ಫ್ ಪಟ್ಟಿಯಲ್ಲಿ ಒಂದು ಸ್ಥಾನ ಏರಿಸಬೇಕಾಗುತ್ತದೆ.